ವಿಯೆನ್ನಾದಲ್ಲಿ ಎರಡು ರಾತ್ರಿ ಹೆಚ್ಚಿಗೆ

ವಿಯೆನ್ನಾದಲ್ಲಿ ಎರಡು ದಿನ ಹೆಚ್ಚಿಗೆ ಅವಳಿಗೆ ಯಾಕೆ ಬೇಕು?

ಸಂಗೀತಕ್ಕಿರಬಹುದೆ? ಇರಲಾರದು. ಕಾರಿನಲ್ಲಿ ರೇಡಿಯೋ ಕೂಡ ಹಾಕುವವಳಲ್ಲ. ಅರಮನೆ ನೋಡಲಿಕ್ಕೆ? ಮೈಸೂರಲ್ಲಿ ಹುಟ್ಟಿ ಬೆಳೆದವಳಿಗೆ ಅರಮನೆಯ ಹಸಿವು ಇನ್ನೂ ಉಳಿದಿದ್ದೀತೆ? ಅಲ್ಲಿಯ ಹೆಸರಾದ ಕೇಕ್ ಇರಬಹುದು. ಆದರೆ ಒಂದು ಕೇಕಿಗೆ ಎರಡು ದಿನ ಯಾರು ಇಟ್ಟುಕೊಳ್ಳುತ್ತಾರೆ?

ಕೇಳಿದರೆ ಹೇಳುತ್ತಾಳೆ. ಅದು ಪವನನಿಗೂ ಗೊತ್ತು. ಆದರೆ ಕೇಳುವುದಕ್ಕೆ ಅವಳ ಪಕ್ಕಕ್ಕೆ ಹೋಗಬೇಕು, ಪಕ್ಕಕ್ಕೆ ಹೋದರೆ ಅವಳು ತಿರುಗಿ ನೋಡುತ್ತಾಳೆ. ಈ ಸೈಕಲ್ ದಾರಿಯಲ್ಲಿ ಮುಂದಿನವರನ್ನು ದಾಟುವಾಗ 'ಆನ್ ಯುವರ್ ಲೆಫ್ಟ್', ನಿಮ್ಮ ಎಡಗಡೆಯಿಂದ ಬಂದೆ, ಎಂದು ಕೂಗುವುದು ರೂಢಿ. ಕಾತ್ಯಾಯಿನಿಯ ಹಿಂದೆ ಸೈಕಲ್ ತುಳಿಯುವಾಗ ಪವನ ಆ ಮಾತನ್ನು ಒಮ್ಮೆಯೂ ಕೂಗಿದವನಲ್ಲ. ಹೆಲ್ಮೆಟ್ಟಿನ ಕೆಳಗಿಂದ ಇಳಿದ ಅವಳ ಜಡೆ ಬೆನ್ನ ಮೇಲೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಅಷ್ಟು ದೂರ ಅವನಿಗೆ ಹಿತವಾಗಿತ್ತು.

ಅಮೆರಿಕದ ಫೇರ್‌ಫ್ಯಾಕ್ಸಿನ ಕನ್ನಡದವರ ಆ ಪುಟ್ಟ ಗುಂಪು ಬೇಸಿಗೆಯಿಡೀ ಶನಿವಾರ ಬೆಳಿಗ್ಗೆ ಹೀಗೆ ಸೈಕಲ್ ಅಭ್ಯಾಸ ಮಾಡುತ್ತಿತ್ತು. ಸೆಪ್ಟೆಂಬರಿನಲ್ಲಿ ಯುರೋಪಿಗೆ ಹೋಗಿ, ಜರ್ಮನಿಯ ಪಸ್ಸಾವಿನಿಂದ ಡ್ಯಾನ್ಯೂಬ್ ನದಿಯ ದಂಡೆ ಹಿಡಿದು ವಿಯೆನ್ನಾದವರೆಗೆ ತುಳಿಯುವುದು, ಅಲ್ಲಿಂದಲೇ ವಿಮಾನ ಹತ್ತುವುದು. ಯೋಜನೆ ಸೂರ್ಯನಾರಾಯಣ ಅಂಕಲ್‌ದು. "ವಿಯೆನ್ನಾಗೆ ಹೋಗೋಕೆ ಆರೆಂಜ್ ಲೈನ್ ಸಾಕಲ್ರಪ್ಪಾ" ಎಂದು ಪಕ್ಕದಲ್ಲೇ ಇದ್ದ ಅದೇ ಹೆಸರಿನ ಊರಿನ ಮೆಟ್ರೋ ಸ್ಟೇಷನ್ ತೋರಿಸಿ ಪ್ರತಿ ವಾರವೂ ನಗುವವರು ಅವರು. ನಗದವರು ಅವರ ಹೆಂಡತಿ ವರಲಕ್ಷ್ಮಿ ಆಂಟಿ.

ಟೂರ್ ಕಂಪನಿಯ ಜೊತೆ ಪತ್ರವ್ಯವಹಾರವೆಲ್ಲ ಪವನನ ತಲೆಗೆ. ಗದಗಿನ ಹುಡುಗ, ಯೂನಿವರ್ಸಿಟಿಯಲ್ಲಿ ಅಂಕಿಅಂಶಗಳ ಕೆಲಸ; ಹೇಳಿದ ಕೆಲಸ ಮರೆಯುವವನಲ್ಲ. ಬಾಡಿಗೆ ಸೈಕಲ್ಲಿಗೆಂದು ಎಲ್ಲರ ಎತ್ತರ ಬರೆದುಕೊಂಡಿದ್ದ. ಉಳಿದವರದು ಕಳಿಸಿದ ಮೇಲೆ ಮರೆತುಹೋಯಿತು. ಕಾತ್ಯಾಯಿನಿಯ ಎತ್ತರ ಮಾತ್ರ ಸೆಂಟಿಮೀಟರಿನ ಸಮೇತ ತಲೆಯಲ್ಲಿ ಉಳಿಯಿತು.

ಹರ್ನ್‌ಡನ್ನಿನಲ್ಲಿ ಸೈಕಲ್ ದಾರಿ ರಸ್ತೆಯನ್ನು ದಾಟುವ ಕಡೆ ಅವಳು ನಿಂತಳು. ಒಂದು ಕಾಲು ನೆಲಕ್ಕೂರಿ, ನೀರು ಕುಡಿದು, ಬಾಟಲಿಯ ಮೇಲಿಂದಲೇ ಅವನನ್ನು ನೋಡಿದಳು.

"ಮೇಲ್ ಹಾಕಿದ್ರಾ ಪವನ್? ನನ್ನ ಎರಡು ದಿನದ್ದು?"

"ಇನ್ನಾ ಇಲ್ರಿ."

"ಹೋದ ಶನಿವಾರಾನೂ ಹೀಗೇ ಅಂದ್ರಿ."

"ಹಾಕ್ತೀನ್ರಿ."

"ವೀಸಾ ಅಪಾಯಿಂಟ್‌ಮೆಂಟಿಗೆ ಮುಂಚೆ ಎಲ್ಲಾ ರಾತ್ರಿದೂ ಹೋಟೆಲ್ ಬುಕಿಂಗ್ ಇರಬೇಕು ಅಂದೋರು ನೀವೇ." ಅವಳು ತುಟಿ ಒರೆಸಿಕೊಂಡಳು. "ಬೇರೆ ಏನಾದ್ರೂ ಕೇಳೋದಿದ್ಯಾ?"

ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಸಿರು ಸಿಗ್ನಲ್ ಬಿತ್ತು.

"ಏನಿಲ್ರಿ."

ಅವಳು ಒಂದು ಕ್ಷಣ ತಡೆದಳು. ಆಮೇಲೆ ಪೆಡಲ್ಲಿನ ಮೇಲೆ ಕಾಲಿಟ್ಟು, ಬೇಕೆಂದೇ ಇರಬೇಕು, ಅವನಿಗೆ ಹಿಡಿಯಲಾಗದಷ್ಟು ಜೋರಾಗಿ ಹೊರಟಳು.

ಅವನ ಕುತೂಹಲಕ್ಕೆ ಉತ್ತರ ಕೊಟ್ಟವರು ವರಲಕ್ಷ್ಮಿ ಆಂಟಿ, ಅದೂ ಅವನು ಕೇಳದೆ. ದಾರಿಬದಿಯಲ್ಲಿ ನೋಡಲೆಂದು ನಿಲ್ಲಿಸಿಟ್ಟ ಹಳೆಯ ಕೆಂಪು ರೈಲುಡಬ್ಬಿಯ ಪಕ್ಕದ ಬೆಂಚಿನಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದರು.

"ಕಾತ್ಯಾಯಿನಿ ವಿಷಯ ಗೊತ್ತಾಯ್ತಾ ನಿನಗೆ? ಮ್ಯೂನಿಕ್‌ನಲ್ಲಿ ಒಬ್ಬ ಹುಡುಗ ಇದ್ದಾನಂತೆ. ಅವಳಮ್ಮ ಎಲ್ಲಾ ಮಾತಾಡಿದ್ದಾರೆ. ಟೂರ್ ಮುಗಿದ ಮೇಲೆ ಅವನು ಟ್ರೇನಲ್ಲಿ ವಿಯೆನ್ನಾಗೆ ಬರ್ತಾನೆ. ಎರಡು ದಿನ ಓಡಾಡ್ಕೊಂಡು ಮಾತಾಡ್ಲಿ, ಒಪ್ಪಿಗೆ ಆದ್ರೆ ದೀಪಾವಳಿ ಕಳೆದು ಮದುವೆ."

"ಛಲೋ ಆತಲ್ರಿ ಆಂಟಿ" ಎಂದ ಪವನ. ತನ್ನ ದನಿ ಸರಿಯಾಗಿಯೇ ಇದೆ ಅನ್ನಿಸಿತು. ಅದೇ ಅವನಿಗೆ ಸೋಜಿಗ.

"ಅವಳನ್ನ ಕೇಳಿದ್ರೆ, ನೋಡೋಣ ಆಂಟಿ ಅಂತಾಳೆ. ಇವತ್ತಿನ ಹುಡುಗೀರು! ಮನಸ್ಸಲ್ಲಿ ಏನಿದೆಯೋ ಯಾರಿಗೆ ಗೊತ್ತು."

ಭಾನುವಾರ ಬೆಳಿಗ್ಗೆ ಪವನ ಕಾಫಿ ಮಾಡಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ. ಆ ಎರಡು ದಿನಗಳ ಬಾಗಿಲನ್ನು ತೆರೆದುಕೊಡಬೇಕಾದವನು ತಾನೇ ಎಂಬುದು ವಿಚಿತ್ರವಾಗಿತ್ತು. ಕಂಡಿರದ ಒಬ್ಬ ಗಂಡಸು, ಕಂಡಿರದ ಒಂದು ಊರಿನಲ್ಲಿ, ಅವಳಿಗೆ ಎದುರಾಗಿ ಕೂತು, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತಾನೆ. ಅವಳು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿರುವುದಿಲ್ಲ.

'ಮಿಸ್ ಕಾತ್ಯಾಯಿನಿಯವರಿಗೆ ವಿಯೆನ್ನಾದಲ್ಲಿ ಎರಡು ರಾತ್ರಿ ಹೆಚ್ಚಿಗೆ ಬೇಕು' ಎಂದು ಬರೆದ. ಓದಿದ. ಕಾಫಿ ಆರಿಹೋಗಿತ್ತು. ಕಿಟಕಿಯಾಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ಮತ್ತೆ ಎಳೆದು ಶುರು ಮಾಡಲು ನೋಡುತ್ತಿದ್ದ. ಅದು ಕೊನೆಗೂ ಗುರ್ ಎಂದಾಗ ಪವನ ಒಂದೇ ಒಂದು ಮಾತು ಸೇರಿಸಿದ: 'ನನಗೂ.'

ಯಾಕೆ ಎಂದು ತನ್ನನ್ನು ತಾನೂ ಕೇಳಿಕೊಳ್ಳದೆ ಕಳಿಸಿಬಿಟ್ಟ.

ಮುಂದಿನ ಶನಿವಾರ ಮಳೆ. ಸೈಕಲ್ಲುಗಳೆಲ್ಲ ಅಂಕಲ್ ಮನೆಯ ಗರಾಜಿನಲ್ಲಿ ಒರಗಿದ್ದವು, ಸವಾರರು ಅಡುಗೆಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದರು. ಬಾಗಲಕೋಟೆಯ ಡಾಕ್ಟರ್ ಸೋಮಲಿಂಗಪ್ಪನವರು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಆಂಟಿಯ ಮೊಣಕಾಲಿಗೆ ಬ್ಯಾಟರಿ ಸೈಕಲ್ ಸಿಗುತ್ತದೆಯೋ ಇಲ್ಲವೋ ಕೇಳೋಣವೆಂದು ಅಂಕಲ್ ಟೂರ್ ಕಂಪನಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

ಆ ಕಡೆಯ ಹೆಂಗಸಿನ ಇಂಗ್ಲಿಷ್ ನಿಧಾನ, ಸ್ಪಷ್ಟ. ಬ್ಯಾಟರಿ ಸೈಕಲ್ ಸಿಗುತ್ತದೆ. ಊಟಕ್ಕೆ ಮಾಂಸ, ಮೀನು, ಮೊಟ್ಟೆ ಇಲ್ಲ, ಅರ್ಥವಾಗಿದೆ. "ಇನ್ನೊಂದೇ ಪ್ರಶ್ನೆ. ಮಿಸ್ಟರ್ ಪವನ್ ಅಲ್ಲಿದ್ದಾರೆಯೆ? ಅವರಿಗೂ ಮಿಸ್ ಕಾತ್ಯಾಯಿನಿಗೂ ವಿಯೆನ್ನಾದಲ್ಲಿ ಎರಡು ರಾತ್ರಿ ಹೆಚ್ಚಿಗೆ ಕೇಳಿದ್ದಾರೆ. ಸಂತೋಷ. ಒಂದು ಡಬಲ್ ರೂಮೋ, ಎರಡು ಸಿಂಗಲ್ಲೋ?"

ಆಂಟಿಯ ಕೈಯಲ್ಲಿದ್ದ ಉಪ್ಪಿಟ್ಟಿನ ಸೌಟು ಬಾಣಲೆಯ ಮೇಲೆ ನಿಂತಲ್ಲೇ ನಿಂತಿತು.

ಅಂಕಲ್ ಫೋನನ್ನು ನೋಡಿದರು. ಆಂಟಿ ಅಂಕಲ್‌ರನ್ನು ನೋಡಿದರು. ಕಾತ್ಯಾಯಿನಿ ಯಾರನ್ನೂ ನೋಡಲಿಲ್ಲ. ತಟ್ಟೆಯಲ್ಲಿದ್ದ ಗೋಡಂಬಿಯೊಂದನ್ನು ಚಮಚದಿಂದ ಮೆಲ್ಲಗೆ ಅಂಚಿಗೆ ಸರಿಸಿದಳು. ಕಿವಿ ಮಾತ್ರ ಕೆಂಪಾಗಿತ್ತು.

"ಏ ತಮ್ಮಾ," ಎಂದರು ಸೋಮಲಿಂಗಪ್ಪ, "ಆಕಿ ಅಷ್ಟ ದೂರದಿಂದ ಕೇಳಾಕತ್ಯಾಳ, ಉತ್ತರಾನರ ಕೊಡೋ."

"ಹಂಗಲ್ರಿ... ಸಿಂಗಲ್. ಟೂ ಸಿಂಗಲ್ಸ್, ಪ್ಲೀಸ್" ಎಂದ ಪವನ. ಫೋನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಅಡುಗೆಮನೆಯೆಲ್ಲ ಕೇಳುವಂತೆ, ಜೋರಾಗಿ ಹೇಳಬೇಕಾಯಿತು.

"ಪಾಪ, ಮ್ಯೂನಿಕ್ ಹುಡುಗ" ಎಂದು ಆಂಟಿ ಸೌಟು ಕೆಳಗಿಟ್ಟರು. ಯಾರಿಗೆ ಪಾಪ ಎಂದರೋ, ಮುಖದಲ್ಲಂತೂ ನಗು ಒಸರುತ್ತಿತ್ತು.

ಪವನ ತಟ್ಟೆ ಸಿಂಕಿನಲ್ಲಿಟ್ಟು ಗರಾಜಿಗೆ ಬಂದ. ಕೆಲಸವಿಲ್ಲದಿದ್ದರೂ ತನ್ನ ಸೈಕಲ್ಲಿನ ಚೈನು ತಿರುಗಿಸಿ ನೋಡಿದ. ಹಿಂದೆಯೇ ಬಾಗಿಲು ತೆರೆದ ಸದ್ದು. ತಿರುಗದೆಯೇ ಯಾರೆಂದು ತಿಳಿಯಿತು.

"ಊರು ನೋಡೋಕಾ?" ಎಂದಳು ಕಾತ್ಯಾಯಿನಿ.

"ಹೌದ್ರಿ. ಮ್ಯೂಸಿಯಮ್ ಅವ ಅಂತ."

"ಯಾವ ಮ್ಯೂಸಿಯಮ್?"

ಪವನನಿಗೆ ಒಂದರ ಹೆಸರೂ ಬರಲಿಲ್ಲ. ಅವಳು ಹತ್ತಿರ ಬಂದು ಅವನ ಸೈಕಲ್ಲಿನ ಬೆಲ್ಲನ್ನು ಒಮ್ಮೆ ಒತ್ತಿದಳು. ಜನರಿಲ್ಲದ ಗರಾಜಿನಲ್ಲಿ ಅದರ ಸದ್ದು ಬಹಳ ಹೊತ್ತು ನಿಂತಿತು.

"ನಾನು ಅವನ ಜೊತೆ ಕಾಫಿ ಕುಡೀವಾಗ ನೀವು ಎಲ್ಲಿರ್ತಿದ್ರಿ?"

"ಬ್ಯಾರೆ ಕಡೆ."

"ಅಂದ್ರೆ ಎಲ್ಲಿ?"

"ಸಮೀಪದಾಗ."

"ಯಾಕೆ?"

ಅವನು ಚೈನಿನ ಎಣ್ಣೆಯಾದ ಬೆರಳನ್ನು ನೋಡಿಕೊಂಡ. "ನಿಮಗೇನರ ಬೇಕಾದ್ರ."

"ಏನೂ ಬೇಕಾಗದೆ ಹೋದ್ರೆ? ಹುಡುಗ ತುಂಬಾ ಚೆನ್ನಾಗಿದ್ದು, ನಾನು ಒಪ್ಪಿಕೊಂಡ್ಬಿಟ್ಟಿದ್ರೆ?"

"ಮ್ಯೂಸಿಯಮ್ ನೋಡ್ತಿದ್ದೆ."

ಅವಳಿಗೆ ನಗು ಬಂತು. ಬಂದ ನಗುವನ್ನು ತಡೆದುಕೊಂಡಳು, ಅದು ಕಣ್ಣಿಗೆ ಹೋಯಿತು. ಹೊರಗೆ ಡ್ರೈವ್‌ವೇ ಮೇಲೆ ಮಳೆನೀರು ಸಣ್ಣಗೆ ಹರಿಯುತ್ತಿತ್ತು.

"ಆ ಮೇಲ್ ನಾನೇ ಹಾಕ್ಬಹುದಿತ್ತು ಪವನ್. ಅಡ್ರೆಸ್ ನನ್ನ ಹತ್ರಾನೂ ಇದೆ. ನಿಮಗೇ ಯಾಕೆ ಹೇಳಿದೆ ಅಂತ ಯೋಚನೆ ಮಾಡಿದ್ರಾ?"

ಮಾಡಿರಲಿಲ್ಲ. ಎರಡು ದಿನ ಯಾಕೆ ಎಂದು ವಾರಗಟ್ಟಲೆ ಯೋಚಿಸಿದ್ದ, ತನಗೇ ಯಾಕೆ ಎಂದು ಮಾತ್ರ ಒಂದು ಸಲವೂ ಯೋಚಿಸಿರಲಿಲ್ಲ.

"ಯಾಕೆ ಅಂತ ನೀನು ಕೇಳ್ತೀಯ ಅಂತ" ಎಂದಳು. ಅವನನ್ನು 'ನೀನು' ಅಂದದ್ದು ಅವಳಿಗೆ ಗೊತ್ತಾಯಿತೋ ಇಲ್ಲವೋ. "ಪ್ರತಿ ಶನಿವಾರ ಕಾದೆ. ಸಿಗ್ನಲ್ ಇದ್ದಲ್ಲೆಲ್ಲ ಬೇಕೂಂತ ನಿಲ್ತಿದ್ದೆ. ಈ ಮನುಷ್ಯ ಬಾಯಿ ತೆಗೆದು, ಯಾಕ್ರೀ ಹೋಗ್ತೀರಿ ಅನ್ಲಿ, ಅಷ್ಟು ಸಾಕು, ಅಮ್ಮನಿಗೆ ಫೋನ್ ಮಾಡಿ ಆ ಹುಡುಗ ಬೇಡ ಅಂದ್ಬಿಡ್ತೀನಿ ಅಂದ್ಕೋತಿದ್ದೆ. ನೀನು ಇನ್ನಾ ಇಲ್ರಿ, ಹಾಕ್ತೀನ್ರಿ, ಏನಿಲ್ರಿ!"

ಅವನ ದನಿಯನ್ನು ಅವಳು ಎಷ್ಟು ಸರಿಯಾಗಿ ಆಡಿ ತೋರಿಸಿದಳೆಂದರೆ ಅವನೂ ನಕ್ಕುಬಿಟ್ಟ. ನಗು ನಿಂತ ಮೇಲೆ ಅವಳು ಅವನನ್ನೇ ನೋಡುತ್ತಿದ್ದಳು, ಕಡೆಯ ಅವಕಾಶ ಕೊಡುವವಳ ಹಾಗೆ. ಅವನು ಬಾಯಿ ತೆರೆದ. ಗಂಟಲಲ್ಲಿ ಮಾತು ಇತ್ತು, ಇದ್ದೇ ಇತ್ತು. ಆದರೆ ಹೊರಗೆ ಬಂದದ್ದು ಅವನ ಕೈ. ಬೆಲ್ಲಿನ ಮೇಲೆ ಇನ್ನೂ ಇದ್ದ ಅವಳ ಬೆರಳುಗಳ ಮೇಲೆ, ಎಣ್ಣೆ ತಾಗದಂತೆ ಮಣಿಕಟ್ಟಿನಿಂದ, ಮೆಲ್ಲಗೆ ಒತ್ತಿ ಹಾಗೇ ಇಟ್ಟುಕೊಂಡ.

ಕಾತ್ಯಾಯಿನಿ ಆ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಫೋನ್ ತೆಗೆದು ಮೈಸೂರಿಗೆ ಹಚ್ಚಿದಳು.

"ಅಮ್ಮಾ, ಊಟ ಆಯ್ತಾ? ಕೇಳು, ಆ ಮ್ಯೂನಿಕ್ ಹುಡುಗನಿಗೆ ಬರೋದು ಬೇಡ ಅಂತ ಹೇಳ್ಬಿಡು... ಇಲ್ಲ, ಟೂರ್ ಕ್ಯಾನ್ಸಲ್ ಆಗಿಲ್ಲ. ಎರಡು ದಿನಾನೂ ಇರ್ತೀನಿ... ಒಬ್ಬಳೇ ಅಲ್ಲ. ಒಬ್ಬರಿದ್ದಾರೆ." ಪವನನತ್ತ ಓರೆಗಣ್ಣಿನಲ್ಲಿ ನೋಡಿದಳು. "ಗದಗಿನವರು... ಮಾತು? ಮಾತು ಕಮ್ಮಿ ಅಮ್ಮ. ಅವರದ್ದೂ ಸೇರಿಸಿ ನಾನೇ ಆಡ್ತೀನಿ ಬಿಡು."

ಸೆಪ್ಟೆಂಬರಿನಲ್ಲಿ ಉಳಿದವರೆಲ್ಲ ವಿಯೆನ್ನಾದಿಂದ ವಿಮಾನ ಹತ್ತಿದ ಮೇಲೆ ಅವರಿಬ್ಬರೂ ಎರಡು ದಿನ ಆ ಊರಿನಲ್ಲಿ ಉಳಿದರು, ಒಂದೇ ಅಂತಸ್ತಿನ ಎರಡು ಸಿಂಗಲ್ ರೂಮುಗಳಲ್ಲಿ. ಮ್ಯೂಸಿಯಮ್ ಒಂದನ್ನೂ ನೋಡಲಿಲ್ಲ. ಬೀದಿ ಬೀದಿ ನಡೆದರು, ಕಾಲು ಸೋತಲ್ಲಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದರು. ಮುಂದಿನ ವರ್ಷ ಮೈಸೂರಿನಲ್ಲಿ ಮದುವೆ ಆಯಿತು. ಆ ಕಾಫಿ ಅಂಗಡಿಯಲ್ಲೂ, ಮದುವೆಮನೆಯಲ್ಲೂ, ಆಮೇಲೂ, ಆ ದಿನ ಗರಾಜಿನಲ್ಲಿ ಬಾಯಿ ತೆರೆದು ಏನು ಹೇಳಹೊರಟಿದ್ದೆ ಎಂದು ಅವಳು ಎಷ್ಟೋ ಸಲ ಕೆಣಕಿ ಕೇಳಿದ್ದುಂಟು. ಅವನು ನಗುತ್ತಿದ್ದ, ಅಷ್ಟೇ.

ಆ ಹುಡುಗನನ್ನು ನೋಡಲು ಹೋಗಬೇಡ ಎಂದು ಪವನ ಅವಳಿಗೆ ಎಂದೂ ಹೇಳಲಿಲ್ಲ.