294.9ರ ಹದಿನೆಂಟನೆಯ ಕಡತ

1992ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 10.40ಕ್ಕೆ ನಾಸಿಕದ ಪಂಚವಟಿ ಠಾಣೆಗೆ ಡಾಕ್ಟರ್ ನಿರುಪಮಾ ತಾವೇ ದೂರು ಹಿಡಿದು ಬಂದರು. ಅವರ ಟ್ರಸ್ಟ್ ಆಸ್ಪತ್ರೆಯ ದಾಖಲೆ ಕೋಣೆಯಿಂದ ಹದಿನೇಳು ರೋಗಿಗಳ ಕಡತಗಳ ಕಟ್ಟು ಕಾಣೆಯಾಗಿತ್ತು. ಹಳೇ ಕಾಗದ ಕದ್ದು ಯಾರಿಗೇನು ಲಾಭ ಎಂದು ಇನ್‌ಸ್ಪೆಕ್ಟರ್ ಜಯಕರ ಮೊದಲಿಗೆ ತಲೆಗೆ ಹಚ್ಚಿಕೊಳ್ಳಲಿಲ್ಲ.

“ಗುಂಡವ್ವ ಅಂತ, ಘೋಟಿ ಹತ್ತಿರ ರಸ್ತೆ ಕೆಲಸದವಳು. ಬೆಳಿಗ್ಗೆಯಿಂದ ಫಿಟ್ಸ್ ನಿಲ್ಲುತ್ತಿಲ್ಲ,” ಎಂದರು ಡಾಕ್ಟರ್. “ಹೋದ ವರ್ಷ ಯಾವುದೋ ಇಂಜೆಕ್ಷನ್‌ಗೆ ಉಸಿರೇ ನಿಂತಿತ್ತಂತೆ. ಯಾವುದು ಅನ್ನೋದು ಆ ಕಡತದಲ್ಲಿದೆ. ಆಗಿನ ಡಾಕ್ಟರು ತೀರಿಕೊಂಡಿದ್ದಾರೆ.”

ಜಯಕರ ಎದ್ದು ನಿಂತೇ ಎಫ್‌ಐಆರ್ ಬರೆಸಿದರು.

11.15ಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಆ ಕೋಣೆಯಲ್ಲಿ ಒಂದೊಂದು ರೋಗಕ್ಕೂ ಒಂದೊಂದು ಸಂಖ್ಯೆ, ಒಂದು ಸಂಖ್ಯೆಗೆ ಒಂದು ಕಟ್ಟು. ಹೋದದ್ದು 294.9. ಬುದ್ಧಿ ಮಂಕಾಗಿದೆ, ಕಾರಣ ಇಂಥದ್ದೇ ಎಂದು ಹೇಳಲಾಗದು ಎಂದು ಅದರ ಅರ್ಥ. ಕೀಲಿಕೈ ಇದ್ದದ್ದು ದಾಖಲೆ ಗುಮಾಸ್ತ ನರಹರಿಯವರ ಬಳಿ. ಬಿಜಾಪುರದವರು, ವಯಸ್ಸು ಐವತ್ತನಾಲ್ಕು. ಜಯಕರ ಅಕ್ಕಲಕೋಟದವರು, ಮಾತು ಕನ್ನಡದಲ್ಲೇ ನಡೆಯಿತು; ಡಾಕ್ಟರಿಗೂ ಕನ್ನಡ ಬರುತ್ತಿತ್ತು.

“ಕಟ್ಟು ಎಲ್ಲಿ?”

“ಗೊತ್ತಿಲ್ರಿ.”

“ಕೀಲಿ ಮತ್ಯಾರಿಗೆ ಕೊಟ್ಟಿದ್ರಿ?”

“ಯಾರಿಗೂ ಇಲ್ರಿ.”

ಈ ಸಂಖ್ಯೆಯ ರೋಗಿಗಳನ್ನೆಲ್ಲ ಔರಂಗಾಬಾದಿನ ಮೆದುಳು ತಜ್ಞರ ತಪಾಸಣೆಗೆ ಕಳಿಸುವುದು ರೂಢಿ. ಆ ತಜ್ಞರ ರೋಗಿಗಳ ಪುಸ್ತಕ ನೋಡುವಂತೆ ಅಲ್ಲಿನ ಠಾಣೆಗೆ ವೈರ್‌ಲೆಸ್ ಹೋಯಿತು. 12.50ಕ್ಕೆ ಉತ್ತರ ಬಂತು. ಔಷಧದ ಮಾಹಿತಿ ಅಲ್ಲಿರಲಿಲ್ಲ, ಹೆಸರುಗಳಿದ್ದವು. ಆದರೆ ಆಸ್ಪತ್ರೆಯ ಪಟ್ಟಿಯಲ್ಲಿದ್ದಂತೆ ಹದಿನೇಳಲ್ಲ, ಹದಿನೆಂಟು.

“ಹದಿನೆಂಟನೆಯವರು ನೀವು,” ಎಂದರು ಜಯಕರ. “ನಿಮ್ಮದೊಂದೇ ತಗದ್ರ ಸಿಕ್ಕಿಬೀಳ್ತೀನಿ ಅಂತ ಇಡೀ ಕಟ್ಟೇ ಒಯ್ದ್ರಿ. ಎಲ್ಲಿಟ್ಟೀರಿ?”

ನರಹರಿ ಒಪ್ಪಿಕೊಂಡರು. “ಒಯ್ದಿದ್ದು ಖರೆ. ಎಲ್ಲಿಟ್ಟೀನಿ ನೆನಪಿಲ್ರಿ.”

ನಾಟಕ ಸಾಕು ಎಂದು ಜಯಕರ ರೇಗಿದರು. “ಅಲ್ಲಿ ಗುಂಡವ್ವ ಸಾಯ್ಲಿಕತ್ತಾಳ. ಗಂಡ ಸಾಯಬಣ್ಣ ಬಾಗಲದಾಗ ಕುಂತಾನ. ಅಕಿ ಕಾಗದ ಬೇಕು.”

“ಗುಂಡವ್ವ ಬಂದಾಳೇನ್ರಿ? ನನಗ್ಯಾರೂ ಹೇಳಲಿಲ್ಲ.” ನರಹರಿ ಬರಿದಾದ ಕಪಾಟಿನ ಎದುರು ಹೋಗಿ ನಿಂತು, ಅಂಗೈ ಊರಿ ಕಣ್ಣು ಮುಚ್ಚಿದರು. “ಕಡತ ನಾಲ್ಕುನೂರಾ ಹನ್ನೆರಡು. ಗುಂಡವ್ವ ಸಾಯಬಣ್ಣ, ವಯಸ್ಸು ಮೂವತ್ತೊಂದು. ತಲಿ ಮ್ಯಾಲೆ ಕಲ್ಲು ಬಿದ್ದದ್ದು. ಎಡಗಿವಿ ಹಿಂದ ಏಳು ಹೊಲಿಗಿ. ಜೂನ್ ನಾಲ್ಕಕ್ಕ ಫೆನಿಟಾಯಿನ್ ಇಂಜೆಕ್ಷನ್, ಮೈಯೆಲ್ಲ ಪಿತ್ತದ ಗಂಧಿ, ಉಸಿರು ಕಟ್ಟಿತು. ಮತ್ತೆಂದೂ ಕೊಡಬಾರದು. ಕೆಂಪು ಶಾಯಿಲೆ ಬರದದ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡಾಕ್ಟರ್ ವಾರ್ಡಿಗೆ ಓಡಿ ಕಿವಿಯ ಹಿಂದೆ ಹೊಲಿಗೆಯ ಗುರುತು ಎಣಿಸಿದರು. ಏಳಿದ್ದವು. ಕೊನೆಗೆ ಇದೇ ಗತಿ ಎಂದು ಟ್ರೇಯಲ್ಲಿ ಸಿದ್ಧವಾಗಿದ್ದ ಫೆನಿಟಾಯಿನ್ ಸಿರಿಂಜನ್ನು ಚೆಲ್ಲಿಸಿ ಬೇರೆ ಔಷಧ ಕೊಟ್ಟರು. 1.35ಕ್ಕೆ ಫಿಟ್ಸ್ ನಿಂತಿತು.

ಇಪ್ಪತ್ತೆರಡು ವರ್ಷ ಖಾಕಿ ತೊಟ್ಟ ಜಯಕರ ಇಂಥದ್ದನ್ನು ಕಂಡಿರಲಿಲ್ಲ. ಇನ್ನೊಂದು ಕಡತ ಹೇಳಿ ಎಂದರು. ನರಹರಿ ಹೇಳಿದರು. ಮತ್ತೊಂದು. ಕಾನ್‌ಸ್ಟೆಬಲ್ ಪಗಾರೆ ಅಕ್ಷರ ಬಾರದವನಂತೆ ಪೆನ್ನು ಹಿಡಿದು ಬೆರಗಾಗಿ ಕುಳಿತಿದ್ದ. ಡಾಕ್ಟರ್ ನಿರುಪಮಾ ವಾರ್ಡಿನಿಂದ ಮರಳಿ ಬಂದು ತಾವೇ ಬರೆದುಕೊಳ್ಳತೊಡಗಿದರು.

“ಇಷ್ಟೆಲ್ಲ ನೆನಪಿರುವವರು ಯಾಕ ಕದ್ರಿ?”

“ಈ ಖೋಲಿಯೊಳಗ ಎಲ್ಲಾ ನೆನಪಿರ್ತದರಿ. ಹೊರಗ ಹೋದ್ರ ಮನಿ ದಾರಿ ತಪ್ತದ. ನನ್ನ ಕಡತ ಯಾರರ ಓದಿದ್ರ ಕೀಲಿಕೈ ಕಸಕೋತಾರ. ಆಮ್ಯಾಲ ನನ್ನ ಹತ್ರ ಏನುಳೀತದ?”

ನರಹರಿಯವರನ್ನು ಹೊರಗೆ ಕರೆದೊಯ್ದರೆ ಮಿಕ್ಕವರ ರೋಗಚರಿತ್ರೆಯೂ ಹೋದಂತೆ ಎಂದು ಜಯಕರರಿಗೆ ತಿಳಿಯಿತು. ಬಂಧನವನ್ನು ತಡೆದು ಕುರ್ಚಿ ಹಾಕಿಸಿದರು. ಸಂಜೆ 6.10ಕ್ಕೆ ಹದಿನೇಳೂ ಮುಗಿದವು. ಕೊನೆಗೆ ನರಹರಿ ಅದೇ ದನಿಯಲ್ಲಿ ತಮ್ಮ ಕಡತವನ್ನೂ ಹೇಳಿ ಬರೆಸಿದರು.

ಬಂಧನದ ಸಮಯ 6.20, ಕಲಂ 381, ನೌಕರನೇ ಮಾಡಿದ ಕಳವು. ಕಟ್ಟು ಸಿಗಲಿಲ್ಲ. ನರಹರಿ ತಾವೇ ಬೀಗ ಹಾಕಿ ಕೀಲಿಕೈ ಒಪ್ಪಿಸಿದರು. ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ನಡೆದು ನಿಂತು, ಜಯಕರರ ಮುಖವನ್ನೇ ನೋಡಿದರು.

“ತಾವು ಯಾರಂತ ತಿಳೀಲಿಲ್ರಿ?”

“ನಿಮ್ಮ ಕಡಿಯವನ ರೀ. ಬರ್ರಿ, ಮೆಟ್ಟಲಾ ಅದಾವ.”

ಪಗಾರೆ ಕೈಕೋಳವನ್ನು ಚೀಲಕ್ಕೆ ಹಾಕಿದ. ಜಯಕರ ನರಹರಿಯವರ ಕೈ ಹಿಡಿದು ಕೆಳಗಿಳಿಸಿದರು.