ಆಕ್ಲಿಯ ಮೂವತ್ತೊಂದು ತಪ್ಪುಗಳು

ಲೆನರ್ಡ್ ಗಾರ್ತ್‌ವೇಟ್ ಕಟ್ಟಿದ ಹಿತ್ತಾಳೆಯ ಬೋಗಿಯನ್ನು ಅವನು ಕಟ್ಟಲೇ ಇಲ್ಲ ಎಂದು ಡೆಸ್ಮಂಡ್ ಆಕ್ಲಿ ಹೇಳಿ ವರ್ಷ ತುಂಬುತ್ತ ಬಂದಿತ್ತು.

ಹೇಳಿದ್ದು ಕೂಗಾಡಿ ಅಲ್ಲ. ಥಾರ್ನ್‌ಬೆಕ್ ಮಾದರಿ ರೈಲು ಸಂಘದ ಕಾರ್ಯದರ್ಶಿಗೆ ಕೂಗುವ ಅಭ್ಯಾಸವಿರಲಿಲ್ಲ. ನವೆಂಬರಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಲೆನರ್ಡನಿಗೆ ಎಂದು ಚೀಟಿಯಲ್ಲಿ ಬರೆದಿಟ್ಟು, ತೀರ್ಪುಗಾರ್ತಿ ಮಿಸ್ ಆಸ್ಕ್ ನಾಲ್ಕೂವರೆಯ ಬಸ್ಸು ಹಿಡಿದು ಹೋಗಿದ್ದರು. ಉಳಿದವರು ಚರ್ಚಿನ ಹಜಾರದಲ್ಲಿ ಚಹಾ ಕುಡಿಯುತ್ತಿದ್ದರು. ಆಗ ಆಕ್ಲಿ ಆ ಗೇಣುದ್ದದ ಬೋಗಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಅಂದ:

"ಹುಡುಕಿದ್ರೂ ಬೆಸುಗೆ ಕಾಣಲ್ವಲ್ಲಯ್ಯ. ಮನುಷ್ಯನ ಕೈ ತಾಗಿದ ಗುರುತೇ ಇಲ್ಲ. ನಿಜ ಹೇಳು ಲೆನ್, ಯಾರ ಹತ್ರ ಕಟ್ಟಿಸ್ದೆ?"

ನಾಲ್ಕಾರು ಜನ ನಕ್ಕರು. ತಮಾಷೆಯೆಂದೇ ಎಲ್ಲರೂ ತಿಳಿದಿದ್ದರು.

"ತಪ್ಪು ಅಂತಿಲ್ಲ ನಾನು. ಹೆಂಡ್ತಿ ಹಾಸಿಗೆ ಹಿಡಿದಿದ್ದಾಗ ಇಂಥದ್ದಕ್ಕೆಲ್ಲ ಯಾರಿಗಪ್ಪ ಪುರುಸೊತ್ತು? ಪಾಪ. ಆದ್ರೆ ಸ್ವಂತ ಕೈಯಿಂದ ಕಟ್ಟಿರಬೇಕು ಅಂತ ನಿಯಮ ಇದೆಯಲ್ಲ."

ವಾರದೊಳಗೆ ಸಮಿತಿ ಬಹುಮಾನದ ಕಪ್ಪನ್ನು ತಡೆಹಿಡಿಯಿತು. ತಾನು ಕಟ್ಟಿದ್ದನ್ನು ತಾನೇ ಕಟ್ಟಿದ್ದೆಂದು ಆ ಜನರ ಮುಂದೆ ವಾದಿಸುವುದೇ ಲೆನರ್ಡನಿಗೆ ಹೇಸಿಗೆಯೆನಿಸಿತು.

ಕಪ್ಪು ಹೋದರೆ ಹೋಗಲಿ. ಆ ಬೋಗಿ ಹೆಂಡತಿ ಎನಿಡಳ ಕೊನೆಯ ಚಳಿಗಾಲವಾಗಿತ್ತು. ಅವಳು ಮಹಡಿ ಇಳಿಯಲಾರದಾದಾಗ ಅವನು ಕೆಲಸದ ಹಲಗೆಯನ್ನೇ ಅವಳ ಮಂಚದ ಪಕ್ಕಕ್ಕೆ ತಂದಿದ್ದ. ದಿಂಬಿಗೆ ಒರಗಿ ಕೂತು ಅವಳು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ತಗಡಿನ ಎರಡು ಅಂಚುಗಳನ್ನು ಸೇರಿಸಿ ಹಿಡಿಯುತ್ತಿದ್ದಳು, ಅವನು ಬೆಸೆಯುತ್ತಿದ್ದ. ಬೆರಳು ನಡುಗಿದರೂ ತಗಡು ಅಲುಗುತ್ತಿರಲಿಲ್ಲ. "ಹಿಡಿದಿದೀನಿ, ನೀನು ಮುಗಿಸು," ಅನ್ನುತ್ತಿದ್ದಳು. ಸ್ಪರ್ಧೆಗೆ ಮೂರು ತಿಂಗಳ ಮುಂಚೆ, ಆಗಸ್ಟಿನಲ್ಲಿ, ಬಣ್ಣ ಒಣಗಿತು. ಅದೇ ವಾರ ಅವಳು ಹೋದಳು. ಆ ಕೈಗಳೇ ಇರಲಿಲ್ಲ ಎಂದಿದ್ದ ಆಕ್ಲಿ.

ಸೇಡಿನ ದಾರಿಯನ್ನು ತೋರಿಸಿಕೊಟ್ಟವನೂ ಆಕ್ಲಿಯೇ. ಜನವರಿಯ ಸಭೆಯಲ್ಲಿ ಅವನು ಹೊಸ ನಿಯಮ ತಂದ: ಇನ್ನು ಮುಂದೆ ಗೆದ್ದ ಬೋಗಿಯ ಚಾವಣಿ ಬಿಚ್ಚಿ ಎಲ್ಲರೆದುರು ಒಳಗೆ ನೋಡತಕ್ಕದ್ದು. ಕೂಲಿಗೆ ಕಟ್ಟಿಕೊಡುವ ಕುಶಲಕರ್ಮಿಗಳು ಚಾವಣಿಯ ಒಳಮೈಗೆ ತಮ್ಮ ಹೆಸರಿನ ಉಗುರಗಲದ ಫಲಕ ಬೆಸೆಯುವುದು ವಾಡಿಕೆ. ಫೆಬ್ರುವರಿಯಲ್ಲಿ ಆಕ್ಲಿ ತಾನೇ ಮನೆಯಲ್ಲಿ ಕಟ್ಟಿದ ಬೋಗಿಯೊಂದನ್ನು ಸಂಘಕ್ಕೆ ತಂದ. ಬೇಕೆಂದೇ ಲೆನರ್ಡ್ ಕಟ್ಟಿದ್ದ ಬೋಗಿಯ ಮಾದರಿಯನ್ನೇ ಆರಿಸಿಕೊಂಡಿದ್ದ: ಬಿಡಿಭಾಗಗಳ ಅದೇ ಕಿಟ್, ಗಾರ್ಡನ ಕೋಣೆಯಿರುವ ಅದೇ ಮೂರನೇ ದರ್ಜೆಯ ಬೋಗಿ.

"ಮನುಷ್ಯ ಕಟ್ಟಿದ್ರೆ ಹೀಗಿರತ್ತೆ ನೋಡ್ರಪ್ಪ. ನವೆಂಬರಿಗೆ ಇದೇ ನಂದು," ಅಂದ.

"ಚೆನ್ನಾಗಿದೆ ಡೆಸ್ಮಂಡ್. ಕೈಗೆ ತಗೊಂಡು ನೋಡ್ಲಾ?" ಎಂದ ಲೆನರ್ಡ್.

"ನೋಡು, ನೋಡು. ಕಲಿಯೋದಿದ್ರೆ ಕಲಿ."

ಲೆನರ್ಡ್ ಕಲಿತ. ನಲವತ್ತು ವರ್ಷ ಅವನು ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಟ್ಟವನು. ಅಂದವಾದ ಹಲ್ಲನ್ನು ಯಾರು ಬೇಕಾದರೂ ಮಾಡಿಯಾರು. ಪಕ್ಕದ ಹಲ್ಲಿನ ಡೊಂಕು, ಹಳದಿ, ಸವೆತ ಎಲ್ಲವನ್ನೂ ಹಾಗೆಯೇ ತಂದು, ಹಾಕಿಕೊಂಡವನ ಹೆಂಡತಿಗೂ ಗೊತ್ತಾಗದ ಹಾಗೆ ಬಾಯಲ್ಲಿ ಕೂರಿಸುವುದು ಅವನ ವಿದ್ಯೆ. ಗುರುವಾರ ಗುರುವಾರ ಸಂಘದಲ್ಲಿ ಆಕ್ಲಿಯ ಬೋಗಿಯನ್ನು ಕೈಯಲ್ಲಿ ಹಿಡಿದು ಹೊಗಳಿದ. ಮನೆಗೆ ಬಂದು ತಪ್ಪುಗಳನ್ನು ಬರೆದಿಟ್ಟ. ಮೂರನೇ ಬಾಗಿಲಿನ ಕೆಳಗೆ ಸಾಸಿವೆಯಷ್ಟು ಬೆಸುಗೆಯ ಗುಳ್ಳೆ. ಹಿಂದಿನ ದೀಪದ ಕೊಕ್ಕೆ ಎಡಕ್ಕೆ ವಾಲಿದೆ. ಒಂದು ಕಿಟಕಿಯ ಮೂಲೆಯಲ್ಲಿ ಕಂದುಬಣ್ಣ ಹರಡಿದೆ. ಮೆಟ್ಟಿಲ ಹಲಗೆ ಕೂದಲೆಳೆಯಷ್ಟು ಸೊಟ್ಟ. ಏಪ್ರಿಲ್ ಮುಗಿಯುವಷ್ಟರಲ್ಲಿ ಪಟ್ಟಿ ಮೂವತ್ತೊಂದಕ್ಕೆ ಬಂದು ನಿಂತಿತು.

ಆ ಬೋಗಿಗೆ ಒಂದು ಅವಳಿ ಹುಟ್ಟಬೇಕಿತ್ತು. ಅವಳಿಯ ಚಾವಣಿಯೊಳಗೆ ಒಂದು ಫಲಕ ಇರಬೇಕಿತ್ತು: 'ಸೈಲಾಸ್ ಟ್ರೆನೌತ್, ಮಾದರಿ ಶಿಲ್ಪಿ. ಶ್ರೀ ಡಿ. ಆಕ್ಲಿಯವರಿಗಾಗಿ.' ಟ್ರೆನೌತ್ ಕಾರ್ನ್‌ವಾಲಿನಲ್ಲಿ ಒಂಟಿಯಾಗಿ ಕೂತು ದೇಶಕ್ಕೆಲ್ಲ ಬೋಗಿ ಕಟ್ಟಿಕೊಟ್ಟವನು. ಮಾರ್ಚಿನಲ್ಲಿ ತೀರಿಕೊಂಡಿದ್ದ. ಮಕ್ಕಳಿಲ್ಲ, ಕಾಗದಪತ್ರವಿಲ್ಲ. ಕಟ್ಟಿಕೊಟ್ಟಿದ್ದೇನೆ ಎನ್ನಲೂ ಅವನಿಲ್ಲ, ಇಲ್ಲ ಎನ್ನಲೂ ಇಲ್ಲ.

ಕಿಟ್ಟನ್ನು ಲೆನರ್ಡ್ ದೂರದ ಊರಿನ ಮಾರಾಟಮೇಳವೊಂದರಲ್ಲಿ ಹೆಸರು ಹೇಳದೆ ಕೊಂಡು ತಂದ. ಮೇ ತಿಂಗಳಲ್ಲಿ ಹಲಗೆಯನ್ನು ಮತ್ತೆ ಆ ಖಾಲಿ ಮಂಚದ ಪಕ್ಕಕ್ಕೆ ಎಳೆದುಕೊಂಡ. ಆಮ್ಲದಿಂದ ಕೊರೆದ ಹಿತ್ತಾಳೆಯ ತಗಡು ಕಾಗದದಷ್ಟು ತೆಳ್ಳಗೆ, ಅದರಲ್ಲಿ ಬೋಗಿಯ ಗೋಡೆ, ಬಾಗಿಲು, ಕಿಟಕಿಗಳು ಸಣ್ಣ ಸಣ್ಣ ಕೊಂಡಿಗಳಿಂದ ಅಂಟಿಕೊಂಡಿದ್ದವು. ಕತ್ತರಿಸಿ ಬಿಡಿಸಿದ. ಗೀರಿನ ಗುಂಟ ಮಡಿಸಿದ. ರಿವೆಟ್ಟುಗಳನ್ನು ಹಿಂಬದಿಯಿಂದ ಒಂದೊಂದಾಗಿ ಸೂಜಿಯಿಂದ ಒತ್ತಿ ಎಬ್ಬಿಸಿದ. ಗಾರ್ಡನ ಬಾಗಿಲಿನ ಎಡಗಡೆಯ ಹಿಡಿಕಂಬಿಯ ತೂತನ್ನು ಮುಚ್ಚಿ, ಅರದಿಂದ ತೀಡಿ, ಎರಡು ಕಾಳಿನಷ್ಟು ಕೆಳಗೆ ಬೇರೆ ತೂತು ಕೊರೆದ. ರೈಲಿನ ಗಾರ್ಡಾಗಿದ್ದ ಅಪ್ಪ ನೆಲದಿಂದ ಬೋಗಿ ಹತ್ತುತ್ತಿದ್ದದ್ದು ಆ ಕ್ಷಣಕ್ಕೆ ನೆನಪಾಯಿತು, ಹೋಯಿತು. ಆಮೇಲೆ ಬೆಸುಗೆಗೆ ಕೂತ.

ಕಷ್ಟವಾದದ್ದು ಅಲ್ಲಿಂದ ಮುಂದೆ. ಒಳ್ಳೆಯ ಬೆಸುಗೆ ಹಾಕಿ, ಅದನ್ನು ಕೆಡಿಸಬೇಕು. ಗುಳ್ಳೆ ಎಬ್ಬಿಸಬೇಕು. ನೇರವಾಗಿ ಕೂತ ಕೊಕ್ಕೆಯನ್ನು ವಾಲಿಸಬೇಕು. ಕೈ ಒಪ್ಪುತ್ತಿರಲಿಲ್ಲ. ಸರಿಯಾಗಿ ಮಾಡಲು ತವಕಿಸುವ ಬೆರಳನ್ನು ತಡೆದು ಹಿಡಿಯುವುದು ಎಷ್ಟು ದಣಿವಿನ ಕೆಲಸವೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಒಂದೊಂದು ತಪ್ಪು ಮುಗಿದಂತೆ ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದ. ಅಕ್ಟೋಬರಿನ ಕೊನೆಗೆ ಮೂವತ್ತೊಂದೂ ಅಳಿಸಿಹೋಗಿದ್ದವು. ಬೋಗಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಕ್ಲಿಯೇ ಕಟ್ಟಿದಂತಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವನಿಗೆ ನಗು ಬಂತು.

ಸ್ಪರ್ಧೆಯ ಶನಿವಾರ ಬೆಳಗ್ಗೆ ಬೋಗಿಗಳನ್ನಿಡುವ ಮೇಜಿಗೆ ಹಸಿರು ಬಟ್ಟೆ ಹಾಸುವ ಕೆಲಸವನ್ನು ಕೇಳಿ ಪಡೆದ. ಅವನ ಕೈಯಲ್ಲಿ ಕೋಟೆಯ ಚಿತ್ರವಿದ್ದ ಉದ್ದನೆಯ ಬಿಸ್ಕತ್ತಿನ ಡಬ್ಬಿಯಿತ್ತು. ಚಹಾ ಕೌಂಟರಿನ ಬೆರಿಲ್ ಅವನನ್ನು ಕಂಡು ಕೂಗಿದಳು:

"ಏನು ಲೆನ್ ಚಿನ್ನ, ಈ ವರ್ಷ ಬೋಗಿ ತಂದಿಲ್ವಾ?"

"ಬಿಸ್ಕತ್ತು ತಂದಿದೀನಿ."

"ಹುಷಾರಪ್ಪ. ಅದನ್ನೂ ಮುಚ್ಚಳ ಬಿಚ್ಚಿ ನೋಡ್ತಾನೆ ನಿಮ್ಮ ಕಾರ್ಯದರ್ಶಿ!"

ಇಬ್ಬರೂ ನಕ್ಕರು. ಹತ್ತೂವರೆಗೆ ಅವಳು ಹಂದಿಮಾಂಸದ ಬನ್ನು ತಯಾರಾಯಿತೆಂದು ಗಂಟೆ ಬಾರಿಸಿದಳು. ಸಾಲಿನಲ್ಲಿ ಮೊದಲು ನಿಲ್ಲುವವನು ಪ್ರತಿವರ್ಷವೂ ಆಕ್ಲಿ, ಅವನ ಹಿಂದೆ ಉಳಿದವರೆಲ್ಲ. ಮೇಜಿನ ಹತ್ತಿರ ಯಾರೂ ಉಳಿಯಲಿಲ್ಲ. ಬಟ್ಟೆಯ ಸುಕ್ಕು ಸರಿಪಡಿಸುವ ನೆಪದಲ್ಲಿ ಲೆನರ್ಡ್ ಬಗ್ಗಿದ, ಎದ್ದ. ಅವಳಿ ಮೇಜಿನ ಮೇಲಿತ್ತು. ಆಕ್ಲಿಯ ಬೋಗಿ ಹತ್ತಿಯಲ್ಲಿ ಸುತ್ತಿಕೊಂಡು ಬಿಸ್ಕತ್ತುಗಳ ಕೆಳಗೆ ಮಲಗಿತ್ತು. ಸಂಜೆ ಮನೆಗೆ ಒಯ್ದು ಕುಲುಮೆಯಲ್ಲಿ ಕರಗಿಸುವುದೆಂದು ತೀರ್ಮಾನಿಸಿದ್ದ. ಡಬ್ಬಿಯನ್ನು ತನ್ನ ಕುರ್ಚಿಯ ಕೆಳಗೆ ತಳ್ಳಿ, ತಾನೂ ಹೋಗಿ ಒಂದು ಬನ್ನು ತಿಂದ. ರುಚಿಯಾಗಿತ್ತು.

ಎರಡು ಗಂಟೆಗೆ ಮಿಸ್ ಆಸ್ಕ್ ಬಂದರು. ಎಪ್ಪತ್ತು ದಾಟಿದ, ಬೆನ್ನು ಬಾಗದ ಹೆಂಗಸು. ಒಂದೊಂದು ಬೋಗಿಯನ್ನೂ ಎತ್ತಿ, ತಿರುಗಿಸಿ, ಇಟ್ಟರು. ಆಕ್ಲಿಯ ಹೆಸರಿನ ಚೀಟಿಯಿದ್ದ ಬೋಗಿಯನ್ನು ಕೈಗೆತ್ತಿಕೊಂಡವರು ಬಹಳ ಹೊತ್ತು ಕೆಳಗಿಡಲಿಲ್ಲ. ಕಡೆಗೆ ಅದರ ಮುಂದೆಯೇ ಮೊದಲ ಬಹುಮಾನದ ಕೆಂಪು ಪಟ್ಟಿ ಇಟ್ಟರು. ಚಪ್ಪಾಳೆ ಬಿತ್ತು. ಆಕ್ಲಿ ಲೆನರ್ಡನ ಕಡೆ ನೋಡಿ ಕಣ್ಣು ಮಿಟುಕಿಸಿದ.

"ನಿಯಮದ ಪ್ರಕಾರ ಚಾವಣಿ ಬಿಚ್ಚಿಬಿಡಿ ಮೇಡಂ. ನಮ್ಮದೇನೂ ಮುಚ್ಚುಮರೆ ಇಲ್ಲ."

ಮಿಸ್ ಆಸ್ಕ್ ಎರಡು ತಿರುಪು ಬಿಚ್ಚಿದರು. ಚಾವಣಿಯನ್ನು ಮಗುಚಿ, ಕನ್ನಡಕ ಏರಿಸಿ, ಒಳಗಿನ ಫಲಕವನ್ನು ಗಟ್ಟಿಯಾಗಿ ಓದಿದರು.

"ಇದು... ಇದನ್ನ ನಾನು... ಟ್ರೆನೌತ್ ಯಾರು ಅಂತಾನೇ ನಂಗೊತ್ತಿಲ್ಲ ಕಣ್ರೋ!" ಆಕ್ಲಿಯ ಮುಖ ಸುಣ್ಣದಂತಾಗಿತ್ತು. ಹಿಂದಿನಿಂದ ಯಾರೋ ಅಂದರು, "ಹುಡುಕಿದ್ರೂ ಬೆಸುಗೆ ಕಾಣಲ್ವಲ್ಲಯ್ಯ!" ಹಜಾರವೇ ನಕ್ಕಿತು. ಲೆನರ್ಡ್ ನಗಲಿಲ್ಲ. ಕೈಕಟ್ಟಿ ಕೂತು, ಎನಿಡ್ ಇದ್ದಿದ್ದರೆ ಎಂದುಕೊಂಡ.

ಮಿಸ್ ಆಸ್ಕ್ ಮಾತ್ರ ಬೋಗಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ನಗು ಅಡಗುವವರೆಗೆ ಕಾದು, ಅದರ ಗಾರ್ಡ್ ಬಾಗಿಲಿನ ಮೇಲೆ ಉಗುರಿಟ್ಟು, ಲೆನರ್ಡನ ಕಡೆ ತಿರುಗಿದರು. "ರೈಲ್ವೆಯ ನಕ್ಷೆ ಕಚೇರಿಯಲ್ಲಿ ಈ ಹಿಡಿಕಂಬಿಯ ನಕ್ಷೆ ಬರೆದವಳು ನಾನೇ. ಗಾರ್ಡ್ ನೆಲದಿಂದ ಹತ್ತುವಾಗ ಸಿಗಲಿ ಅಂತ ಎಡಗಡೆದು ಕೆಳಗಿರಬೇಕು. ಕಿಟ್ಟಿನಲ್ಲಿ ಎರಡೂ ಸಮ ಇದೆ, ಕಟ್ಟೋರೆಲ್ಲ ಹಾಗೇ ಹಾಕ್ತಾರೆ. ಇಷ್ಟು ವರ್ಷದಲ್ಲಿ ಸರಿಯಾಗಿದ್ದದ್ದನ್ನ ನಾನು ನೋಡಿರೋದು ಎರಡೇ ಸಲ. ಇವತ್ತು ಒಂದು, ಹೋದ ವರ್ಷ ನಿಮ್ಮದು ಒಂದು. ಅದಕ್ಕೇ ನಿಮಗೆ ಮೊದಲ ಬಹುಮಾನ ಕೊಟ್ಟಿದ್ದೆ. ಕಪ್ಪು ತಡೆದ್ರು ಅಂತ ಕೇಳಿ ಸಮಿತಿ ಜೊತೆ ಜಗಳ ಆಡಿದೀನಿ, ಲೆನರ್ಡ್. ಎರಡೂ ಒಂದೇ ಕೈ ಕಟ್ಟಿದ್ದು. ಅಂದ್ರೆ ನಿಮ್ಮದನ್ನೂ ಈ ಟ್ರೆನೌತೇ ಕಟ್ಟಿಕೊಟ್ಟನಾ?" ಲೆನರ್ಡನ ಪಟ್ಟಿಯಲ್ಲಿದ್ದ ಮೂವತ್ತೊಂದೂ ಆಕ್ಲಿಯ ತಪ್ಪುಗಳು. ಕಿಟ್ಟಿನ ತಪ್ಪು ಯಾರ ತಪ್ಪೂ ಅಲ್ಲವೆಂದು ಅವನು ಅದನ್ನು ಬರೆದಿಟ್ಟಿರಲಿಲ್ಲ. ಹಲ್ಲುಜ್ಜಿದಷ್ಟು ಸಹಜವಾಗಿ ಕೈ ಅದನ್ನು ತಿದ್ದಿ ಮುಂದೆ ಹೋಗಿತ್ತು. ಎಲ್ಲರ ಕಣ್ಣೂ ಅವನ ಮೇಲಿತ್ತು. ಸುಮ್ಮನಿದ್ದರೆ ಸಾಕು, ಆಕ್ಲಿ ಮುಳುಗುತ್ತಿದ್ದ. ಅವನ ಜೊತೆಗೆ ಆ ಚಳಿಗಾಲ, ಬಟ್ಟೆಯ ಕ್ಲಿಪ್ಪು, ದಿಂಬಿಗೊರಗಿ ಹಿಡಿದಿದ್ದ ಎರಡು ಕೈಗಳೂ ಮುಳುಗುತ್ತಿದ್ದವು. ಒಂದು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಈಗ ತಪ್ಪೊಪ್ಪಿಗೆಯಾಗಿತ್ತು. ಲೆನರ್ಡ್ ಬಗ್ಗಿ ಕುರ್ಚಿಯ ಕೆಳಗಿಂದ ಬಿಸ್ಕತ್ತಿನ ಡಬ್ಬಿಯನ್ನು ಎತ್ತಿ, ಹಸಿರು ಬಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದ. "ಎರಡೂ ಕಟ್ಟಿದ್ದು ನಾನೇ," ಎಂದ.