ಮೂರನೇ ವಾರ್ಡಿನ ಸೋಮವಾರಗಳು

"ಮುಟ್ಟಬ್ಯಾಡ್ರೀ!"

ಮಾಲಾ ಕೂಗಿದ ಜೋರಿಗೆ ಮೂರನೇ ವಾರ್ಡಿನ ಬಾಣಂತಿಯರೆಲ್ಲ ತಿರುಗಿ ನೋಡಿದರು. ಮೂಲೆಯ ಮಂಚದಲ್ಲಿ ಒಂದು ಕೂಸು ಬೆಚ್ಚಿ ಅಳತೊಡಗಿತು.

ಮಂಚದ ಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದ ಆ ಗಂಡಸು ಮಾತ್ರ ಕೈ ತೆಗೆಯಲೇ ಇಲ್ಲ!

"ಯಾಕ್ರಿ?" ಎಂದ ಆರಾಮಾಗಿ.

"ಯಾಕಂದ್ರ? ಆ ಕಂಬಿ ಮ್ಯಾಲಿಂದ ನಾನು ಸ್ಯಾಂಪಲ್ ತಗೋಬೇಕ್ರಿ. ಈಗ ನಿಮ್ಮ ಕೈಯಾನ ಹೊಲಸೆಲ್ಲಾ ಅದಕ್ಕ ಹಚ್ಚಿದ್ರಿ!"

"ಹಚ್ಚಲಿ ಬಿಡ್ರಿ. ಏನರ ಇದ್ರೂ ಎರಡು ತಾಸಿನಾಗ ಸಾಯ್ತಾವ." ಅವನು ನಕ್ಕ. "ಈ ಕಂಬಿಗಿ ಲೇಪ ಹಾಕಿದ್ದ ಮಂದಿ ಮುಟ್ಟಲಿ ಅಂತ. ನಾನ ಹಾಕೇನಿ. ಮಹಾಲಿಂಗ ಅಂತ್ರಿ, ಮುಧೋಳದಾಂವ."

ಮಾಲಾಳಿಗೆ ಆಗ ಕಂಬಿಯ ಬಣ್ಣ ಕಣ್ಣಿಗೆ ಬಿತ್ತು. ಪಕ್ಕದ ಮಂಚದ್ದು ಎಂದಿನ ಬಿಳಿ ಸ್ಟೀಲು. ಇದು ತಿಳಿಗೆಂಪು.

ಛೇ... ಇಷ್ಟು ಮಂದಿಯ ಮುಂದೆ ಒದರಿಬಿಟ್ಟೆನಲ್ಲ! ಅವಳ ಕಿವಿ ಬಿಸಿಯಾಯಿತು.

ಜಮಖಂಡಿಯ ಆ ಹೆರಿಗೆ ಆಸ್ಪತ್ರೆಯಲ್ಲಿ ಹಿಂದಿನ ವರ್ಷ ಕೆಲವು ಬಾಣಂತಿಯರ ಹೊಲಿಗೆಗೆ ಕೀವಾಗಿತ್ತು. ಡಾಕ್ಟರ್ ಶಿವಯೋಗೆಪ್ಪ ಅಂದಿನಿಂದ ನಿದ್ದೆಗೆಟ್ಟಿದ್ದರು. ಸಕ್ಕರೆ ಕಾರ್ಖಾನೆಗಳ ಪಂಪಿನ ಭಾಗಗಳಿಗೆ ಲೋಹದ ಲೇಪ ಹಾಕುವ ಮಹಾಲಿಂಗ, ತನಗೆ ಡಿಪ್ಲೊಮಾ ಕಲಿಸಿದ ಮೇಷ್ಟ್ರ ಜೊತೆ ಕೂಡಿ, ತಾಮ್ರ ಮತ್ತು ನಿಕಲ್ ಬೆರೆತ ಒಂದು ಲೇಪ ತಯಾರಿಸಿದ್ದ. ಸ್ಟೀಲಿನ ಮೇಲೆ ರೋಗಾಣುಗಳು ದಿನಗಟ್ಟಲೆ ಬದುಕಿರುತ್ತವೆ, ತಾಮ್ರದ ಮೇಲೆ ಅವುಗಳ ಆಟ ನಡೆಯುವುದಿಲ್ಲ.

ಮೂರನೇ ವಾರ್ಡಿನ ಹತ್ತು ಮಂಚಗಳಲ್ಲಿ ಐದಕ್ಕೆ ಲೇಪ. ಹನ್ನೆರಡು ವಾರ ಪರೀಕ್ಷೆ. ಪ್ರತಿ ಸೋಮವಾರ ಲ್ಯಾಬಿನ ಮಾಲಾ ಹತ್ತಿಯ ಕಡ್ಡಿಯಿಂದ ಕಂಬಿ ಒರೆಸಿ, ಗಾಜಿನ ತಟ್ಟೆಯಲ್ಲಿ ರೋಗಾಣು ಬೆಳೆಸಿ, ಎಷ್ಟೆಂದು ಬರೆಯಬೇಕು. ಪ್ರತಿ ಸೋಮವಾರ ಮಹಾಲಿಂಗ ಬಂದು ಲೇಪ ನೋಡಬೇಕು. ಗೆದ್ದರೆ ಇಡೀ ಆಸ್ಪತ್ರೆಗೆ ಅದೇ ಲೇಪ. ಸೋತರೆ ಕಂಬಿಗಳನ್ನು ಬಿಚ್ಚಿ ವಾಪಸು ಒಯ್ಯಬೇಕು.

ಈ ಲೆಕ್ಕದಲ್ಲಿ ಮಾಲಾಳದ್ದು ಎಂದು ಏನೂ ಇರಲಿಲ್ಲ. ಮೊದಲಿಗೆ.

ಮಾಲಾಗೆ ಮೂವತ್ತೆರಡು. ಮದುವೆಯಾಗಿತ್ತು, ಹದಿನಾಲ್ಕು ತಿಂಗಳಿಗೆ ಮುರಿದಿತ್ತು. ಸಾವಳಗಿಯಲ್ಲಿ ಅಣ್ಣ ತುಕಾರಾಮ, ಅವನ ಹೆಂಡತಿ, ಮಕ್ಕಳು. ಹಬ್ಬಕ್ಕೆ ಹೋದರೆ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು, ಆದರೆ ಮೂರನೇ ದಿನಕ್ಕೆ ಯಾರಾದರೊಬ್ಬರು "ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿಯೇ ಕೇಳುತ್ತಿದ್ದರು. ಅವಳು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಬ್ಯಾಗು ತುಂಬಿಕೊಳ್ಳುತ್ತಿದ್ದಳು, ಅಷ್ಟೇ.

ಆಸ್ಪತ್ರೆಯಲ್ಲೂ ಮಧ್ಯಾಹ್ನ ಒಬ್ಬಳೇ ಊಟ. ನರ್ಸುಗಳು ಒಳ್ಳೆಯವರು, ನಗುನಗುತ್ತ ಮಾತಾಡುವವರು. ಆದರೆ ಕೀವು, ಮೂತ್ರ ಹಿಡಿಯುವ ಕೈಯಿಂದ ಬಂದ ಡಬ್ಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಏಳು ವರ್ಷದಿಂದ ಆ ಕೈಯನ್ನು ದಿನಕ್ಕೆ ನಲವತ್ತು ಸಲ ತೊಳೆದರೂ ಅದು ಅವರಿಗೆ ತೊಳೆದಂತೆ ಕಾಣಲೇ ಇಲ್ಲ.

ಎರಡನೇ ಸೋಮವಾರ ಮಹಾಲಿಂಗ ಲ್ಯಾಬಿಗೆ ಬಂದಾಗ ಅವಳು ಡಬ್ಬಿ ಬಿಚ್ಚಿದ್ದಳು.

"ಶೇಂಗಾ ಚಟ್ನಿ ಏನ್ರಿ?" ಎಂದವನೇ, ಸಂಕೋಚವಿಲ್ಲದೆ ಒಂದು ಕಟಕ ರೊಟ್ಟಿ ಮುರಿದು ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡ!

ಮಾಲಾ ನೋಡುತ್ತಲೇ ಉಳಿದಳು. "ನಾ... ಮುಂಜಾನಿಂದ ಕೀವಿನ ಸ್ಯಾಂಪಲ್ ನೋಡಾಕತ್ತೇನಿ..."

"ಕೈ ತೊಳದೀರಿಲ್ಲ?"

"ತೊಳದೇನಿ."

"ಮತ್ತ? ನನ್ನ ಕೈ ನೋಡ್ರಿ." ಅವನ ಬೆರಳುಗಳ ತುದಿ ರಾಸಾಯನಿಕ ತಿಂದು ಕಂದಾಗಿದ್ದವು. "ಕನ್ಯಾ ನೋಡಾಕ ಹೋದಲ್ಲೆಲ್ಲಾ ಇದನ್ನ ನೋಡಿ ಆ್ಯಸಿಡ್ ಕೆಲಸದಾಂವ ಬ್ಯಾಡ ಅಂದ್ರು. ಬೀಳಗಿ ಕಡೆ ಕುರಿ ಕಾಯ್ಕೊಂತ ಇದ್ದಿದ್ರ ಇಷ್ಟೊತ್ತಿಗಿ ಲಗ್ನ ಆಗಿರ್ತಿತ್ತು ಅಂತ ನಮ್ಮಪ್ಪ ಧರೆಪ್ಪ ಇನ್ನೂ ಬೈತಾನ."

ಮಾಲಾ ನಕ್ಕಳು. ಲ್ಯಾಬಿನಲ್ಲಿ ತನ್ನ ನಗು ತನಗೇ ಹೊಸದಾಗಿ ಕೇಳಿಸಿತು.

ಮುಂದಿನ ಸೋಮವಾರದಿಂದ ಅವಳು ನಾಲ್ಕು ರೊಟ್ಟಿ ಹೆಚ್ಚು ಕಟ್ಟಿಕೊಂಡು ಬರತೊಡಗಿದಳು.

ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ. ಸ್ಟೀಲಿಗೆ ತಾಮ್ರ ನೇರವಾಗಿ ಹಿಡಿಯುವುದಿಲ್ಲವಂತೆ, ಮೊದಲು ಬರೀ ನಿಕಲ್‌ನ ಒಂದು ತೆಳು ಪದರ ಕೂಡಿಸಬೇಕಂತೆ, ಇಡೀ ಲೇಪ ಕೂದಲಿಗಿಂತ ತೆಳುವಂತೆ. ಅವಳು ತಟ್ಟೆಗಳನ್ನು ತೋರಿಸುತ್ತಿದ್ದಳು. ಬರಿ ಸ್ಟೀಲಿನದರಲ್ಲಿ ಅಕ್ಕಿ ನುಚ್ಚು ಚೆಲ್ಲಿದಂತೆ ರೋಗಾಣುಗಳ ಚುಕ್ಕಿ. ಲೇಪದ್ದರಲ್ಲಿ ಒಂದೋ ಎರಡೋ.

"ಛಲೋ ಐತಿ ಹೌದಲ್ರಿ?" ಎಂದು ಅವನು ಹುಡುಗನಂತೆ ಕೇಳುತ್ತಿದ್ದ.

"ಛಲೋ ಐತ್ರಿ," ಎನ್ನುತ್ತಿದ್ದಳು. ಮನಸ್ಸು ಮಾತ್ರ ಕ್ಯಾಲೆಂಡರಿನ ಕಡೆ ಓಡುತ್ತಿತ್ತು. ಹನ್ನೆರಡನೇ ವಾರ ಮುಗಿದ ಮೇಲೆ? ಗೆದ್ದರೂ, ಸೋತರೂ, ಈ ಸೋಮವಾರಗಳು ಮುಗಿದುಹೋಗುತ್ತವೆ. ಅವನು ಬರುವುದು ಕಂಬಿಗಾಗಿ. ನಿನಗಾಗಿ ಯಾರೇ ಬರುತ್ತಾರೆ, ಹುಚ್ಚಿ?

ಹನ್ನೆರಡು ವಾರ ಮುಗಿಯುವವರೆಗೂ ಕಾಯಬೇಕಾಗಲಿಲ್ಲ.

ಒಂಬತ್ತನೇ ವಾರದ ಬುಧವಾರ ನೋಡಿದಾಗ ಐದೂ ಲೇಪದ ಮಂಚಗಳ ತಟ್ಟೆಗಳಲ್ಲಿ ಚುಕ್ಕಿಗಳೇ ಚುಕ್ಕಿಗಳು! ಬರಿ ಸ್ಟೀಲಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಮಾಲಾ ಎಣಿಸಿದಳು. ಮತ್ತೆ ಎಣಿಸಿದಳು. ಹೊಸ ಸ್ಯಾಂಪಲ್ ತಂದು ಹೊಸ ತಟ್ಟೆ ಇಟ್ಟಳು. ಶುಕ್ರವಾರವೂ ಅದೇ ಫಲಿತಾಂಶ.

ಫೋನು ಕೈಗೆತ್ತಿಕೊಂಡಳು. ಅವನ ಹೆಸರಿನ ಮೇಲೆ ಬೆರಳಿಟ್ಟಳು. ತೆಗೆದಳು.

ಮೊದಲು ಅವನಿಗೆ ಹೇಳಿದರೆ, ತನಗೆ ಹಿಡಿಸಿದವನ ಪರವಾಗಿ ಲ್ಯಾಬು ಮಾತಾಡಿತು ಎಂದಾಗುವುದಿಲ್ಲವೇ? ಬಾಣಂತಿಯರ ಜೀವದ ಪ್ರಶ್ನೆ. ಅವಳು ವರದಿ ಬರೆದು ಡಾಕ್ಟರ ಮೇಜಿನ ಮೇಲಿಟ್ಟಳು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಸೋಮವಾರ ಮಹಾಲಿಂಗ ಬಂದ. ಡಾಕ್ಟರ ಕೋಣೆಯಿಂದ ಹೊರಬಂದವನ ಮುಖದಲ್ಲಿ ರಕ್ತವಿರಲಿಲ್ಲ.

"ಲೇಪ ಅಲ್ಲಲ್ಲಿ ಎದ್ದು ಹೋಗೇತಿ," ಎಂದ ನೆಲ ನೋಡುತ್ತ. "ನನ್ನ ಕೆಲಸಾನ ಕಚ್ಚಾ ಇದ್ದೀತು. ಬಂದ್ ಮಾಡೂಣು ಅಂದ್ರು ಡಾಕ್ಟರ್."

ಮಾಲಾ ಶುಕ್ರವಾರದ ತಟ್ಟೆಗಳನ್ನು ಅವನ ಮುಂದೆ ಸರಿಸಿದಳು.

"ಎರಡೆರಡು ಸಲ ನೋಡೀರಂತ. ನನಗೊಂದು ಫೋನ್ ಮಾಡಬೇಕು ಅನಸಲಿಲ್ಲೇನ್ರಿ?"

ಮನಸ್ಸಿನಲ್ಲಿದ್ದದ್ದು ಬೇರೆ, ಬಾಯಿಗೆ ಬಂದದ್ದು ಬೇರೆ. "ನೀವು ಬರತಿದ್ದದ್ದು ರಿಪೋರ್ಟಿಗಲ್ಲೇನ್ರಿ? ರಿಪೋರ್ಟ್ ಕೊಟ್ಟೇನಿ."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಖರೆ ಐತ್ರಿ," ಎಂದು ಹೊರಟುಹೋದ. ಮೇಜಿನ ಮೇಲೆ ಎಂಟು ರೊಟ್ಟಿಯ ಡಬ್ಬಿ ಹಾಗೇ ಉಳಿಯಿತು.

ಇಂಥ ಹೊತ್ತಿನಲ್ಲಿ ಹಿಂದೆ ಓಡಿ ಹೋಗಿ ನಿಲ್ಲಿಸುವವರು ಇರುತ್ತಾರೆ. ಮಾಲಾ ಹಾಗಲ್ಲ. ಅವಳು ಕೈ ತೊಳೆದುಕೊಂಡು ಮುಂದಿನ ಸ್ಯಾಂಪಲ್ ತೆಗೆದುಕೊಂಡಳು.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ತಿಂಗಳ ಕೊನೆಗೆ ಕಂಬಿ ಬಿಚ್ಚುತ್ತಾರೆಂದು ಆಫೀಸಿನವರು ಹೇಳಿದರು.

ಆ ವಾರದ ಭಾನುವಾರ ಮಧ್ಯಾಹ್ನ ಮಾಲಾ ಆಸ್ಪತ್ರೆಗೆ ಬಂದಳು. ಕೆಲಸವೇನೂ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯ ತನ್ನ ಒಂಟಿ ಕೋಣೆಯಲ್ಲಿ ಪಕ್ಕದ ಮನೆಯ ಟಿವಿ ಕೇಳುತ್ತ ಮಲಗುವುದು ಬೇಡವಾಗಿತ್ತು, ಅಷ್ಟೇ.

ಮೂರನೇ ವಾರ್ಡಿನ ಬಾಗಿಲಲ್ಲೇ ನಿಂತಳು. ಆಯಾ ಸಿದ್ದಕ್ಕ ಮಂಡಿಯೂರಿ ಕೂತು ಮಂಚದ ಕಂಬಿಯನ್ನು ತಿಕ್ಕುತ್ತಿದ್ದಳು. ಮೈಯ ಬಲವೆಲ್ಲ ಹಾಕಿ, ಗಸಗಸ ಗಸಗಸ. ಪಕ್ಕದಲ್ಲೊಂದು ಬಟ್ಟಲು.

"ಸಿದ್ದಕ್ಕ! ಏನ್ ಮಾಡಾಕತ್ತೀ ಬೇ?"

"ಬಾ ತಂಗಿ. ನಾಳಿಗಿ ಸೋಮವಾರ ಅಲ್ಲ? ಎರಡು ವಾರ ಬಂದಿಲ್ಲ, ನಾಳಿಗಿ ಬಂದಾನು."

"ಆ ಬಟ್ಟಲದಾಗ ಏನೈತಿ?"

"ಹುಣಸಿಹಣ್ಣು, ಉಪ್ಪು, ಚೂರ ಇಟ್ಟಂಗಿ ಪುಡಿ. ತಾಮ್ರದ ಕೊಡ ಮತ್ತ ಹೆಂಗ ಬೆಳಗ್ತಾರ?"

ಮಾಲಾ ಹತ್ತಿರ ಬಂದು ಕಂಬಿಯ ಮೇಲೆ ಬೆರಳಾಡಿಸಿದಳು. ಅಲ್ಲೇ ನೆಲದ ಮೇಲೆ ಕುಳಿತಳು. ಕೂದಲಿಗಿಂತ ತೆಳು ಲೇಪ... ಅದಕ್ಕೆ ಇಟ್ಟಿಗೆ ಪುಡಿ!

"ಯಾವಾಗಿಂದ ಹಿಂಗ?"

"ತಿಂಗಳ ಮ್ಯಾಲಾತು. ಐತವಾರಕ್ಕೊಮ್ಮೆ ತಿಕ್ಕತೇನಿ. ಮಂದಿ ಕೈ ಹಿಡದು ಹಿಡದು ಕರ್ರಗಾಗಿದ್ದು ಬೇ ಇವು. ಬಿಳೆ ಮಂಚ ನೋಡು, ಹೆಂಗ ಥಳಥಳ ಅಂತಾವ. ಆ ಹುಡುಗ ಮಾಡಿದ ಕೆಲಸ ಕರ್ರಗ ಕಂಡ್ರ ನಾಕ ಮಂದ್ಯಾಗ ಅವಗ ಕಡಿಮಿ ಅಲ್ಲೇನು?" ಸಿದ್ದಕ್ಕ ದನಿ ತಗ್ಗಿಸಿದಳು. "ಅವ ಬಂದಾಗ ಒಂದ ಸಲ ನಿನ್ನ ಮಾರಿ ನೀನ ನೋಡ್ಕೋಬೇಕಿತ್ತು. ಏಳು ವರ್ಸದಾಗ ನಾ ನಿನ್ನ ನಗೀ ನೋಡಿದ್ದ ಈ ಎರಡು ತಿಂಗಳು. ಅದಕ್ಕ... ಅವನ ಕೆಲಸ ಛಂದ ಕಾಣಲಿ, ಅವ ಬರೂದು ನಿಂದರಬಾರದು ಅಂತ..."

ಮಾಲಾಗೆ ನಗು ಬಂತು. ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ಸುರಿಯಿತು. ಯಾರೂ ತನ್ನ ಕಡೆ ನೋಡುವುದೇ ಇಲ್ಲ ಎಂದುಕೊಂಡಿದ್ದಳಲ್ಲ! ಇಲ್ಲೊಬ್ಬಳು ಪ್ರತಿ ಭಾನುವಾರ ತನಗಾಗಿ ಬೆವರು ಸುರಿಸಿ ತಿಕ್ಕಿದ್ದಳು. ತಿಕ್ಕಿ ತಿಕ್ಕಿ ಅವನನ್ನೇ ಕಳಿಸಿಬಿಟ್ಟಿದ್ದಳು.

ತಿಕ್ಕಿದ್ದಕ್ಕೇ ಲೇಪ ಎದ್ದುಹೋಯಿತೆಂದು ತಿಳಿದಾಗ ಸಿದ್ದಕ್ಕನ ಮುಖ ಬಿಳಿಚಿಕೊಂಡಿತು. "ನನ್ನ ಕೆಲಸದಿಂದ ತಗೀತಾರೇನ ಬೇ?"

"ನಿಂದೇನೂ ತಪ್ಪಿಲ್ಲ. ಹೆಂಗ ತೊಳೀಬೇಕು ಅಂತ ನಿನಗ ಹೇಳಬೇಕಾದಾಕಿ ನಾನು. ಕಂಬಿ ನೋಡಿದ್ನಿ, ತೊಳಿಯೋರನ್ನ ನೋಡಲಿಲ್ಲ." ಮಾಲಾ ಅವಳ ಹುಣಸೆ ಹತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಡಾಕ್ಟರಿಗೆ ನಾನ ಬರದು ಕೊಡತೇನಿ."

ಸೋಮವಾರ ಬೆಳಿಗ್ಗೆ ಅವಳು ಬರೆದೂ ಕೊಟ್ಟಳು. ಡಾಕ್ಟರ್ ಶಿವಯೋಗೆಪ್ಪ ಓದಿ, ಹಣೆ ಒತ್ತಿಕೊಂಡು, "ಮತ್ತೊಮ್ಮೆ ಲೇಪ ಹಾಕಸ್ರಿ, ಮೊದಲಿಂದ ಶುರು ಮಾಡೂಣು. ಅವರಿಗೆ ಫೋನ್ ಮಾಡ್ರಿ," ಎಂದರು.

"ಫೋನ್ ಬ್ಯಾಡ್ರಿ ಸರ್. ನನಗ ಅರ್ಧ ದಿನ ರಜಾ ಬೇಕು."

ಹಬ್ಬ ಬಿಟ್ಟರೆ ಏಳು ವರ್ಷದಲ್ಲಿ ಮೊದಲ ರಜೆ!

ಮುಧೋಳದ ತನ್ನ ಶೆಡ್ಡಿನಲ್ಲಿ ಮಹಾಲಿಂಗ ಲೇಪದ ತೊಟ್ಟಿಯ ಮುಂದೆ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದುದನ್ನು ಕೆಳಗಿಡಲೂ ಮರೆತ. ಮಾಲಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹುಣಸೆಹಣ್ಣು, ಇಟ್ಟಂಗಿ ಪುಡಿ, ಭಾನುವಾರಗಳು. ಸಿದ್ದಕ್ಕ ಯಾಕೆ ತಿಕ್ಕಿದಳೆಂಬುದನ್ನು ಮಾತ್ರ ಬಿಟ್ಟಳು.

"ಅಂದ್ರ... ಲೇಪ ಗಟ್ಟಿ ಇತ್ತು?"

"ಗಟ್ಟಿ ಇತ್ರಿ. ನಿಮ್ಮ ಕೆಲಸ ಕಚ್ಚಾ ಅಲ್ಲ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಂಗೈಯಿಂದ ಮುಖ ಒರೆಸಿಕೊಂಡ. "ಇಷ್ಟು ಹೇಳಾಕ ಇಲ್ಲೀತನಕ ಬಂದ್ರಿ? ಫೋನ್ ಮಾಡಿದ್ರ ಆಗತಿತ್ತಲ್ರಿ."

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ, ಮಾಲಾ!

"ಅವತ್ತು ಫೋನ್ ಮಾಡಲಿಲ್ಲ ಅಂತ ಬಂದೇನಿ," ಎಂದಳು. "ಆ ರಿಪೋರ್ಟ್ ಬರಿಯೂ ಮುಂದ ಫೋನಿನಾಗ ನಿಮ್ಮ ಹೆಸರಿನ ಮ್ಯಾಲ ಬೆರಳಿಟ್ಟು ತಗದೇನ್ರಿ. ಲೇಪ ಹೋದ್ರ ಹೋಗಲಿ... ನೀವು ಬರೂದು ನಿಂತ ಹೋಗತೈತಿ ಅಂತ ಅಂಜಿಕಿ. ಎರಡು ಸೋಮವಾರ ನನಗ ಊಟ ಸೇರಿಲ್ಲ."

ಅವನು ಎದ್ದು ಯಂತ್ರ ಬಂದ್ ಮಾಡಿದ.

"ಎರಡೂ ಸೋಮವಾರ ನಾನು ಜಮಖಂಡಿ ಬಸ್ ಹತ್ತೇನ್ರಿ," ಎಂದ ಮಹಾಲಿಂಗ ಮೆಲ್ಲಗೆ. "ಅರ್ಧ ದಾರಿಗೆ ಇಳದು ತಿರುಗಿ ಬಂದೇನಿ. ಕಂಬಿ ಕೆಲಸಂತೂ ಮುಗದಿತ್ತು. ಯಾಕ ಬಂದ್ರಿ ಅಂತ ನೀವು ಕೇಳಿದ್ರ... ಏನಂತ ಹೇಳಬೇಕಿತ್ತು?"

"ನಾನು ಕೇಳತಿದ್ದಿಲ್ಲ," ಎಂದಳು ಮಾಲಾ, ಕಣ್ಣೊರೆಸಿಕೊಳ್ಳುತ್ತ.

ಅವಳನ್ನು ಬಿಡಲು ಅವನು ಬಸ್ ನಿಲ್ದಾಣದವರೆಗೆ ಬಂದ. ಬಸ್ಸಿನ ಬಾಗಿಲವರೆಗೆ ಬಂದ. ಆಮೇಲೆ ಹತ್ತಿ ಪಕ್ಕದಲ್ಲೇ ಕೂತುಬಿಟ್ಟ!

ಕಂಡಕ್ಟರ್ ಮಾಲಾಳ ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದುಕೊಟ್ಟ. "ಅಕ್ಕಾರದು ಫ್ರೀ. ನಿಮ್ಮದು ಎಲ್ಲೀಗ್ರಿ?"

"ಜಮಖಂಡಿ."

ಮಾಲಾ ಅವನ ಕಡೆ ತಿರುಗಿದಳು. "ಇವತ್ತ ಅಲ್ಲೇನ್ ಕೆಲಸ ಐತ್ರಿ ನಿಮಗ?"

"ಏನೂ ಇಲ್ಲ."

"ಮತ್ತ?"

"ಏನೂ ಕೆಲಸ ಇಲ್ಲಂತನ ಬರಾಕತ್ತೇನಿ."

ಅವಳು ಕಿಟಕಿಯ ಕಡೆಗೆ ಸರಿದು ಅವನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು.

"ನಾಳೇನೂ ಬರ್ರಿ," ಎಂದಳು. "ನಾಳೆ ಮಂಗಳವಾರ."